ಹಕ್ಕಿ ಏಳದ ಕೂಗು

ಮಸ್ಕಿ ದಾಟಿ

ನನ್ನ ಗಂಟಲು ಸರ್ಕಾರಿ ಆಸ್ತಿ. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗಿ ಬರುವ ಬಸ್ಸಿನ ಕಂಡಕ್ಟರ್ ನಾನು. ಬೆಳಗಾದರೆ ಈ ಮೂರು ಊರುಗಳ ಹೆಸರನ್ನು ಕೂಗುವುದೇ ನನ್ನ ಉದ್ಯೋಗ. ಬಾಗಿಲಲ್ಲಿ ನಿಂತು ಕೂಗಿದರೆ ಬಸ್ ಸ್ಟ್ಯಾಂಡಿನ ಆಚೆ ಚಹಾ ಕುಡಿಯುತ್ತ ನಿಂತವನ ಕೈಯಲ್ಲಿ ಕಪ್ಪು ಅಲುಗಬೇಕು, ಹಾಗೆ. ಇಂಥ ಗಂಟಲನ್ನು ಹೊತ್ತುಕೊಂಡು ನಾನು ಹೋದದ್ದು ಹಕ್ಕಿಗೆ ಕೇಳಿಸೀತೆಂದು ಜನ ಕೆಮ್ಮು ನುಂಗಿಕೊಳ್ಳುವ ದೇಶಕ್ಕೆ.

ನನ್ನ ತಂಗಿ ಸುಜಾತಾ ಹಾಲೆಂಡಿನ ಉತ್ತರ ಭಾಗದ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರ ಆರೈಕೆ ಕೇಂದ್ರದಲ್ಲಿ ನರ್ಸು. ಅವಳ ಗಂಡ ಬಿಜು ಕೇರಳದವನು, ಅಲ್ಲಿಯೇ ಅವನೂ ನರ್ಸು. ಹೋದ ವರ್ಷ ಸುಜಿಗೆ ಆರು ತಿಂಗಳು ತುಂಬುವಾಗ ಕೂಸು ಹೋಯಿತು. ಈಗ ಮತ್ತೆ ಬಸುರಿ. ವಿಮಾನ ಹತ್ತುವುದು ಬೇಡವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು ಎನ್ನುವುದು ನಮ್ಮ ಕಡೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಆದರೆ ಹಡೆದವ್ವ ಈಗಿಲ್ಲ. ಇರುವುದು ಮಸ್ಕಿಯಲ್ಲಿ ನನ್ನ ಎರಡು ಕೋಣೆಯ ಮನೆ ಮತ್ತು ನಾನು. ಅವಳು ತವರಿಗೆ ಬರಲಾಗದಿದ್ದರೆ ತವರೇ ಅವಳ ಹತ್ತಿರ ಹೋಗಲಿ ಎಂದು ಗಂಟು ಕಟ್ಟಿದೆ.

ಡಿಪೋ ಸಾಹೇಬರು ರಜೆಯ ಚೀಟಿಯನ್ನು ಎರಡೆರಡು ಸಲ ಓದಿದರು. “ಇಷ್ಟು ದಿನ ನೀವು ಇರ್ಲಿಲ್ಲಂದ್ರ ಲಿಂಗಸುಗೂರು ಎಲ್ಲೈತಿ ಅನ್ನೋದ ಮರೀತಾರ ಮಂದಿ, ಮಾದೇವಮ್ಮಾ,” ಎಂದು ನಕ್ಕು ಸಹಿ ಹಾಕಿದರು.

ಗಂಟಿನಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಉತ್ತತ್ತಿ, ಒಣಕೊಬ್ಬರಿ, ಬಾಣಂತಿಗೆ ಉಂಡಿ ಕಟ್ಟಲು ತಿನ್ನುವ ಮರದ ಅಂಟು ಇದ್ದವು. ಆ ಅಂಟಿನ ಪೊಟ್ಟಣವೇ ವಿಮಾನ ನಿಲ್ದಾಣದಲ್ಲಿ ನನ್ನನ್ನು ಹಿಡಿಸಿಕೊಟ್ಟಿತು. ಅಧಿಕಾರಿ ಒಂದು ಹರಳನ್ನು ಬೆಳಕಿಗೆ ಹಿಡಿದ, ಮೂಸಿದ, ನನ್ನ ಮುಖ ನೋಡಿದ. ನನ್ನ ಇಂಗ್ಲಿಷು ಟಿಕೆಟ್ಟು ಮತ್ತು ಚಿಲ್ಲರೆಯಿಂದಾಚೆ ಹೋಗುವುದಿಲ್ಲ. ಹೊಟ್ಟೆ ಮುಂದೆ ಮಾಡಿ ತೋರಿಸಿದೆ, ತೋಳಲ್ಲಿ ಕೂಸು ತೂಗಿದೆ, ಅಂಗೈಯಲ್ಲಿ ಉಂಡಿ ಕಟ್ಟಿ ಬಾಯಿಗಿಟ್ಟೆ. ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ನಗಲು ಶುರು ಮಾಡಿದಳು. ಅವನೂ ನಕ್ಕು ಪೊಟ್ಟಣವನ್ನು ಮೊದಲಿದ್ದಂತೆಯೇ ಮಡಚಿ ಕೊಟ್ಟ. ಇಷ್ಟು ಚೆಂದ ಮಡಚುವ ಗಂಡಸರನ್ನು ನಾನು ಮೊದಲು ಕಂಡದ್ದು ಅಲ್ಲಿ.

ನೀರಿಗಿಂತ ಕೆಳಗಿನ ಊರು

ಸುಜಿಯ ಊರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದರೆ ಒಂದು ದೋಣಿ ನಮ್ಮ ತಲೆಗಿಂತ ಮೇಲೆ ಹೋಗುತ್ತಿತ್ತು. ಪ್ರಯಾಣದ ಆಯಾಸಕ್ಕೆ ಕಣ್ಣು ಮಂಜಾಗಿದೆ ಎಂದುಕೊಂಡೆ. ಅದು ನಿಜವೇ ಇತ್ತು. ಅಲ್ಲಿ ಕಾಲುವೆ ಮೇಲೆ, ರಸ್ತೆ ಕೆಳಗೆ, ಹೊಲ ಇನ್ನೂ ಕೆಳಗೆ. ನಾವು ಸಿಂಧನೂರಿನ ಕಡೆ ಕಾಲುವೆಗೆ ನೀರು ಯಾವತ್ತು ಬಿಡುತ್ತಾರೋ ಎಂದು ದಾರಿ ಕಾಯುತ್ತೇವೆ, ಕೊನೆಯ ಹೊಲದವರು ಬೈದುಕೊಳ್ಳುತ್ತ ಕೂರುತ್ತಾರೆ. ಅಲ್ಲಿಯವರಾದರೋ ಹಗಲೂ ರಾತ್ರಿ ನೀರನ್ನು ಎತ್ತಿ ಎತ್ತಿ ಹೊರಗೆ ಹಾಕುತ್ತಾರೆ. ಹೊರಗೆ ಹಾಕುವ ಆ ನೀರನ್ನು ಮಸ್ಕಿ ಪಕ್ಕದ ನಮ್ಮ ಹಳೆಯ ಊರು ಸಂತೆಕಲ್ಲೂರಿನ ಎರೆಹೊಲಗಳಿಗೆ ತಿರುಗಿಸುವ ಉಪಾಯವೊಂದನ್ನು ದಾರಿಯುದ್ದಕ್ಕೂ ಯೋಚಿಸಿದೆ.

ಬಸ್ಸಿನಲ್ಲಿ ಕಂಡಕ್ಟರ್ ಇರಲಿಲ್ಲ. ಹತ್ತಿದವರು ಒಂದು ಕಾರ್ಡನ್ನು ಪೆಟ್ಟಿಗೆಗೆ ತಾಗಿಸುತ್ತಾರೆ, ಅದು ಕುಂಯ್ ಎನ್ನುತ್ತದೆ, ಅಷ್ಟೇ. ಸೀಟಿಗಾಗಿ ಜಗಳವಿಲ್ಲ, ಕಿಟಕಿಯಿಂದ ಒಳಗೆ ಬೀಳುವ ಟವೆಲ್ಲಿಲ್ಲ, ಮುಂದೆ ಹೋಗ್ರಿ ಎನ್ನುವವರಿಲ್ಲ. ನನ್ನ ಕೆಲಸವನ್ನು ಒಂದು ಕುಂಯ್ ಮಾಡಿ ಮುಗಿಸುವುದನ್ನು ನೋಡಿ ನಿಜಕ್ಕೂ ಬೇಸರವಾಯಿತು. ಇಳಿಯುವಾಗ ತಡೆಯಲಾಗದೆ ಬಾಗಿಲಿಗೆ ಎರಡು ಸಲ ಬಡಿದು “ರೈಟ್” ಎಂದೆ. ನಿಲ್ದಾಣಕ್ಕೆ ಬಂದಿದ್ದ ಸುಜಿ ನನ್ನ ತೋಳು ಚಿವುಟಿದಳು. “ಅಕ್ಕಾ, ಮರ್ಯಾದಿ ತಗೀಬ್ಯಾಡ,” ಎಂದವಳೇ ನನ್ನ ಭುಜಕ್ಕೆ ಮುಖ ಒತ್ತಿ ಅತ್ತುಬಿಟ್ಟಳು. ಅವಳ ಹೊಟ್ಟೆ ನಮ್ಮಿಬ್ಬರ ನಡುವೆ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಏಳನೆಯ ತಿಂಗಳು.

ಹಲಗೆ ಗೋಡೆಯ ಸೀಳು

ಸುಜಿಯ ಮನೆಯ ಹಿಂದೆ ಸ್ವಲ್ಪ ನಡೆದರೆ ಹಕ್ಕಿಗಳಿಗೆಂದು ಬಿಟ್ಟ ಜವುಗು ಹುಲ್ಲುಗಾವಲು. ಅದರ ಅಂಚಿನಲ್ಲಿ ಹಲಗೆಯ ಒಂದು ಗುಡಿಸಲು. ಗೋಡೆಯಲ್ಲಿ ಉದ್ದನೆಯ ಸೀಳು. ಅದರ ಮುಂದೆ ಬೆಂಚು ಹಾಕಿಕೊಂಡು ಜನ ಮದುವೆ ಮನೆಯಲ್ಲಿ ಊಟಕ್ಕೆ ಕೂತವರಂತೆ ಸಾಲಾಗಿ ಕೂರುತ್ತಾರೆ, ಮಾತಿಲ್ಲದೆ. ಡಾಕ್ಟರು ನಡೆದಾಡಲು ಹೇಳಿದ್ದಾರೆಂದು ಸುಜಿ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದಳು. ನಡೆಯುವುದು ಸ್ವಲ್ಪ, ಕೂರುವುದು ಬಹಳ.

ಅಲ್ಲಿಯ ಯಜಮಾನನಂತೆ ಇದ್ದವನು ಹೆಂಕ್ ಎಂಬ ಮುದುಕ. ಮೊದಲು ಹಸು ಕಟ್ಟಿದ್ದವನು, ಈಗ ಸಂಬಳವಿಲ್ಲದೆ ಹಕ್ಕಿ ಕಾಯುವವನು. ಗೂಡು ಸಿಕ್ಕರೆ ಸ್ವಲ್ಪ ದೂರದಲ್ಲಿ ಎರಡು ಬಿದಿರು ಕಡ್ಡಿ ನೆಡುತ್ತಾನೆ. ಸುತ್ತಲಿನ ರೈತರು ಹುಲ್ಲು ಕೊಯ್ಯುವಾಗ ಕಡ್ಡಿ ಕಂಡಲ್ಲಿ ಯಂತ್ರವನ್ನು ಸುತ್ತು ಹಾಕಿಸಿ ಆ ತುಂಡನ್ನು ಹಾಗೇ ಬಿಡುತ್ತಾರೆ. ನಮ್ಮ ಗದ್ದೆಗಳಲ್ಲಿ ಭತ್ತ ಕೊಯ್ಯುವ ಯಂತ್ರ ಯಾರಿಗೂ ಸುತ್ತು ಹಾಕುವುದನ್ನು ನಾನು ಕಂಡಿಲ್ಲ. ಹೆಂಕನಲ್ಲಿ ನನಗೆ ಸರಿಬೀಳದಿದ್ದದ್ದು ಒಂದೇ. ಫ್ಲಾಸ್ಕಿನಿಂದ ಕಾಫಿ ಕೊಟ್ಟು, ಬಿಸ್ಕಿಟಿನ ಡಬ್ಬಿ ತೆರೆದು ಮುಂದೆ ಹಿಡಿಯುತ್ತಾನೆ. ನೀವು ಒಂದು ತೆಗೆದುಕೊಂಡ ಕೂಡಲೇ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕುತ್ತಾನೆ. ಅದು ಅಲ್ಲಿಯ ಪದ್ಧತಿಯಂತೆ. ಒಂದು ಎಂದರೆ ಒಂದು. ಮಸ್ಕಿಯಲ್ಲಿ ಯಾರಾದರೂ ಹಾಗೆ ಮಾಡಿದರೆ ಊರೆಲ್ಲ ಆಡಿಕೊಳ್ಳುತ್ತದೆ.

ಸೀಳಿನಾಚೆ ಒಂದು ಬೇರೆಯೇ ಸಂತೆ. ಬಾತುಗಳು, ಹೆಬ್ಬಾತುಗಳು, ತಲೆಯ ಮೇಲೆ ಜುಟ್ಟಿನ ಟಿಟ್ಟಿಭ. ನಮ್ಮ ಹೊಲದಲ್ಲಿ ಹೆಜ್ಜೆ ಇಟ್ಟರೆ ಸಾಕು ಊರಿಗೇ ಚಾಡಿ ಹೇಳುವ ಟಿಟ್ಟಿಭದ ಬಳಗವೇ ಅದು, ಆದರೆ ಇದಕ್ಕೆ ಜುಟ್ಟು. ಸುಜಿ ಇವ್ಯಾವುದನ್ನೂ ನೋಡುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ನೀರುಗಾಲುವೆಯ ಪಕ್ಕದ ಎರಡು ಕಡ್ಡಿಗಳ ನಡುವೆ ಕೂತ ಒಂದು ಹಕ್ಕಿಯನ್ನು. ಇಟ್ಟಿಗೆ ಬಣ್ಣದ ಕುತ್ತಿಗೆ, ಉದ್ದ ಕಾಲು, ಇನ್ನೂ ಉದ್ದದ ಕೊಕ್ಕು. ಅಲ್ಲಿಯವರು ಅದನ್ನು ಗ್ರುಟೊ ಎನ್ನುತ್ತಾರೆ, ಅದು ಕೂಗುವುದೂ ಹಾಗೇ. ಗೂಡು ಅಂದರೆ ಗೂಡಲ್ಲ, ಹುಲ್ಲಿನಲ್ಲಿ ಒಂದು ತಗ್ಗು. ಕೂತ ಮೇಲೆ ಸುತ್ತಲಿನ ಹುಲ್ಲನ್ನು ಕೊಕ್ಕಿನಿಂದ ಎಳೆದು ಸೆರಗಿನಂತೆ ಮೇಲೆ ಹೊದ್ದುಕೊಳ್ಳುತ್ತದೆ. ನಾಲ್ಕು ಮೊಟ್ಟೆ ಇವೆಯೆಂದು ಕಡ್ಡಿ ನೆಡುವಾಗ ಹೆಂಕ್ ನೋಡಿದ್ದ.

ಚಳಿಗಾಲದಲ್ಲಿ ಇವು ಆಫ್ರಿಕಾದ ಭತ್ತದ ಗದ್ದೆಗಳಲ್ಲಿರುತ್ತವೆ, ಮೊಟ್ಟೆ ಇಡುವ ಹೊತ್ತಿಗೆ ತಾವು ಹುಟ್ಟಿದ ಹುಲ್ಲುಗಾವಲಿನ ಆಸುಪಾಸಿಗೇ ಬರುತ್ತವೆ ಎಂದು ಹೆಂಕ್ ಹೇಳಿದ್ದನ್ನು ಸುಜಿ ನನಗೆ ಪಿಸುಗುಟ್ಟಿದಳು.

“ಅಂದ್ರ ಗದ್ದಿ ಬಿಟ್ಟು ಹೆರಿಗಿಗೆ ತವರಿಗೆ ಬಂದಾವ,” ಎಂದೆ.

“ಹೂಂ. ಅವಕ್ಕ ಯಾವ ಡಾಕ್ಟರೂ ಬ್ಯಾಡ ಅಂದಿಲ್ಲ,” ಎಂದಳು ಸುಜಿ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕಾವು ಕೂರುತ್ತವೆ ಎಂಬುದು ಬಿಜುವಿಗೆ ಬಹಳ ಹಿಡಿಸಿದ ಸಂಗತಿ. ಈ ಗಂಡಹೆಂಡಿರೂ ಶಿಫ್ಟಿನವರೇ ತಾನೆ. ನಾನು ಮಾತ್ರ ಯಾವುದು ಕೂತಿದ್ದರೂ ಅವಳು ಎಂದೇ ಕರೆದೆ.

ಒಂದು ಸಂಜೆ ಸುಜಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ನನ್ನ ಕೈ ಕೆಳಗೆ ತಲೆ ಬಗ್ಗಿಸಿಕೊಂಡೇ ಹೇಳಿದಳು, “ಅಕ್ಕಾ, ಆ ಗೂಡು ದಕ್ಕಿದ್ರ ನಂದೂ ದಕ್ಕತೈತಿ ನೋಡು.”

“ನರ್ಸಾಗಿ ಹಿಂಗ ಮಾತಾಡ್ತಿ?”

“ನರ್ಸು ಡ್ಯೂಟಿಗೆ ಹೋದಾಗ. ಈಗ ರಜಾದಾಗ ಅದೀನಿ.”

ನಾನು ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಮರುದಿನದಿಂದ ನಾನೂ ಬೇರೆ ಹಕ್ಕಿಗಳನ್ನು ನೋಡುವುದು ಬಿಟ್ಟೆ.

ನಾನು ಕೂಗಿದ ದಿನ

ನಮ್ಮವ್ವ ಸಂತೆಕಲ್ಲೂರಿನಲ್ಲಿ ಕಂಡವರ ಹೊಲದಲ್ಲಿ ಹಕ್ಕಿ ಕಾಯುವ ಕೂಲಿಗೆ ಹೋಗುತ್ತಿದ್ದಳು. ಜೋಳದ ತೆನೆಗೆ ಹಾಲು ತುಂಬುವ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಅಟ್ಟ ಹತ್ತಿ ನಿಲ್ಲಬೇಕು. ಕೈಯಲ್ಲಿ ಕವಣಿ, ಬಾಯಲ್ಲಿ ಕೂಗು. ಒಬ್ಬೊಬ್ಬರ ಕೂಗು ಒಂದೊಂದು ತರಹ. ಅವ್ವನದು “ಹೋಯ್ ಹೋ” ಎಂದು ಕೆಳಗೆ ಶುರುವಾಗಿ “ಹಾರ್ ಹೋ” ಎಂದು ಆಕಾಶಕ್ಕೆ ಹೋಗುತ್ತಿತ್ತು. ಹಕ್ಕಿಯ ಹಿಂಡು ಚಾದರ ಝಾಡಿಸಿದ ಹಾಗೆ ಒಂದೇ ಸಲ ಎದ್ದರೆ ಅವತ್ತಿನ ಕೂಲಿ ದಕ್ಕಿದಂತೆ. ನಾನು ಅಟ್ಟದ ಮೇಲೆ ಅವಳ ಪಕ್ಕ ನಿಂತು ಕಲಿತೆ. ಕಂಡಕ್ಟರ್ ಆಗಲು ನಾನು ಪಡೆದ ತರಬೇತಿ ಅದೇ. ಸುಜಿ ಆಗ ಅಟ್ಟದ ಕೆಳಗೆ ಕಟ್ಟಿದ ಜೋಳಿಗೆಯಲ್ಲಿ ಮಲಗಿರುತ್ತಿದ್ದಳು. ಅವಳು ಓಡಾಡುವಷ್ಟಾದಾಗ ನಾವು ಆ ಕೂಲಿ ಬಿಟ್ಟು ಮಸ್ಕಿಗೆ ಬಂದಿದ್ದೆವು. ನೆನಪೈತೇನು ಎಂದು ಕೇಳಿದಾಗಲೆಲ್ಲ, “ನನಗೇನೂ ನೆನಪಿಲ್ಲಕ್ಕಾ, ನೀ ಹೇಳಿದ್ದಷ್ಟ,” ಎನ್ನುತ್ತಾಳೆ.

ಅವತ್ತು ಗಾಳಿ ಚೂರಿಯಂತಿತ್ತು. ಗುಡಿಸಲಿನಲ್ಲಿ ಹೆಂಕ್, ಸುಜಿ, ನಾನು ಮೂವರೇ. ಗ್ರುಟೊ ಹುಲ್ಲಿನ ಸೆರಗಿನೊಳಗೆ ಕೂತಿತ್ತು. ಒಂದು ಕಾಗೆ ಇಳಿಯಿತು. ಕಳ್ಳ ಪ್ರಯಾಣಿಕರು ನಾನು ಟಿಕೆಟ್ ಕೊಡುತ್ತ ಬರುವಾಗ ಆ ಕಡೆ ಈ ಕಡೆ ನೋಡುತ್ತ ಹಿಂದಕ್ಕೆ ಸರಿಯುತ್ತಾರಲ್ಲ, ಅದೇ ನಡಿಗೆಯಲ್ಲಿ ಅದು ಕಡ್ಡಿಗಳ ಕಡೆಗೆ ಬರತೊಡಗಿತು. ಸುಜಿ ನನ್ನ ಮುಂಗೈ ಹಿಡಿದಳು. ಅವಳ ಉಗುರು ನಾಟಿದ್ದು ನೆನಪಿದೆ. ಆಮೇಲೆ ನಾನು ಬಾಗಿಲು ತೆಗೆದು ಹೊರಗೆ ಹೋದದ್ದು ನನಗೇ ಗೊತ್ತಾಗಲಿಲ್ಲ. ಕೈಯಲ್ಲಿ ಇರದ ಕವಣಿಯನ್ನು ಬಲಗೈ ತಲೆಯ ಮೇಲೆ ತಿರುಗಿಸುತ್ತಿತ್ತು. ಬಾಯಿಂದ ಅವ್ವನ ಕೂಗು ಹೊರಟಿತು.

ಕಾಗೆ ಎದ್ದಿತು. ಅದರೊಡನೆ ಇಡೀ ಬಯಲು ಎದ್ದಿತು. ಹೆಬ್ಬಾತು, ಬಾತು, ಟಿಟ್ಟಿಭ, ಎಲ್ಲೆಲ್ಲಿ ಯಾರು ಮೊಟ್ಟೆಯ ಮೇಲೆ ಕೂತಿದ್ದರೋ ಅವರೆಲ್ಲ. ನಮ್ಮ ಗ್ರುಟೊ ಕೂಡ. ಒಂದು ಕ್ಷಣ, ನಿಜ ಹೇಳುತ್ತೇನೆ, ನನ್ನ ಎದೆ ಹಿಗ್ಗಿತು, ಅಷ್ಟು ಚೆಂದ ಎದ್ದಿದ್ದವು. ಆಮೇಲೆ ತಿಳಿಯಿತು. ನಮ್ಮ ಹೊಲದಲ್ಲಿ ಹಕ್ಕಿ ಏಳುವುದು ಕೆಲಸ ಆದ ಗುರುತು. ಅಲ್ಲಿ ಒಂದೂ ಏಳದಿರುವುದೇ ಕೆಲಸ. ಬಯಲೆಲ್ಲ ಬರಿದಾಗಿ, ಮೊಟ್ಟೆಗಳೆಲ್ಲ ಆ ಗಾಳಿಗೆ ತೆರೆದುಕೊಂಡು ಬಿದ್ದಿದ್ದವು. ಎಲ್ಲರಿಗಿಂತ ಮೊದಲು ಧೈರ್ಯ ತಂದುಕೊಂಡು ಹಿಂದಿರುಗಿದ್ದು ಕಾಗೆಯೇ. ಕಡ್ಡಿಗಳ ನಡುವೆ ಇಳಿದು, ತಲೆ ಬಗ್ಗಿಸಿ, ಬಾಯಲ್ಲೇನೋ ಕಚ್ಚಿಕೊಂಡು ಹಾರಿತು. ಆಗ ಗ್ರುಟೊ ಜೋಡಿ ಅದರ ಬೆನ್ನು ಹತ್ತಿ ಕಿರುಚುತ್ತ ಹೋದವು. ಎಷ್ಟು ಹೊತ್ತಾದರೂ ಅವು ಗೂಡಿಗೆ ಇಳಿಯಲಿಲ್ಲ.

ಹೆಂಕ್ ಬೈಯಲಿಲ್ಲ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತ. ನಮ್ಮ ಕಡೆಯಾದರೆ ನಾಲ್ಕು ಮಾತು ಬೈದು, ಬೈದವರೇ ಚಹಾ ತರಿಸುತ್ತಾರೆ. ಬೈದರೆ ತಡೆದುಕೊಳ್ಳಬಹುದು. ಸುಜಿ ಶಾಲು ಹೊದ್ದುಕೊಂಡು ಮನೆಯ ಕಡೆ ನಡೆದಳು, ನಾನು ಅವಳ ಹಿಂದೆ ನಡೆದೆ. ಬಾಗಿಲ ಹತ್ತಿರ ಒಂದೇ ಮಾತು ಕೇಳಿದಳು.

“ನಿನಗ ಯಾರು ಕೂಗು ಅಂದ್ರು ಅಕ್ಕಾ?”

ಅಟ್ಟದ ಮೇಲಿನ ಅವ್ವ ಎನ್ನಬಹುದಿತ್ತು. ಆ ಅವ್ವ ಅವಳಿಗೆ ನೆನಪಿರಲಿಲ್ಲ.

ಎರಡನೆಯ ಬಿಸ್ಕಿಟು

ಮರುದಿನ ಸುಜಿ ಹಕ್ಕಿ ನೋಡಲು ಬರಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಿಟಕಿಯ ಹತ್ತಿರ ಕೂತಳು. ಕೂಸು ಅಲುಗಾಡಿದ ಲೆಕ್ಕ ಹಿಡಿಯುತ್ತಿದ್ದಾಳೆಂದು ಅವಳ ತುಟಿ ನೋಡಿದರೆ ತಿಳಿಯುತ್ತಿತ್ತು. ನಾನು ಬಿಸಿ ರೊಟ್ಟಿ ಬಡಿದು ಕೊಟ್ಟೆ. ಅವಳ ಪಕ್ಕದ ಮನೆಯವರು ರೊಟ್ಟಿ ಬಡಿಯುವ ಸದ್ದಿಗೆ ಬಾಗಿಲು ತಟ್ಟಿ, ಏನಾದರೂ ಮುರಿದಿದೆಯೇ, ಸಹಾಯ ಬೇಕೇ ಎಂದು ಕೇಳಿ ಹೋದರು. ಬೇರೆ ದಿನವಾದರೆ ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ನಾನೊಬ್ಬಳೇ ಗುಡಿಸಲಿಗೆ ಹೋದೆ. ಹೆಂಕ್ ಸ್ವಲ್ಪ ಸರಿದು ಜಾಗ ಬಿಟ್ಟ. ಹತ್ತಿರ ಹೋಗಿ ಎಷ್ಟು ಮೊಟ್ಟೆ ಉಳಿದಿವೆ ನೋಡಬಾರದೇ ಎಂದು ಸನ್ನೆ ಮಾಡಿ ಕೇಳಿದೆ. ಅವನು ಬೆರಳಿನಿಂದ ಬೆಂಚಿನ ಮೇಲೆ ಹೆಜ್ಜೆ ಹಾಕಿ ತೋರಿಸಿದ, ಆ ಹೆಜ್ಜೆಯ ಹಿಂದೆಯೇ ಮೂಗು ಊರಿಕೊಂಡು ಬರುವ ನರಿಯ ಹಾಗೆ ಮುಖ ಮಾಡಿದ. ಮನುಷ್ಯ ನಡೆದ ದಾರಿಯೇ ನರಿಗೆ ದಾರಿ. ಆದ್ದರಿಂದ ಕೂತು ಕಾಯುವುದಷ್ಟೇ. ದಿನವೆಲ್ಲ ಕೂಗಿ ಬದುಕುವ ನಾನು ಬಾಯಿ ಮುಚ್ಚಿಕೊಂಡು ಕೂತೆ. ಗಂಟಲಲ್ಲಿ ಬಂದ ಕೆಮ್ಮನ್ನು ಕಣ್ಣಲ್ಲಿ ನೀರು ಬರುವವರೆಗೆ ನುಂಗಿದೆ. ಹುಲ್ಲು ಗಾಳಿಗೆ ಅಲುಗುತ್ತಿತ್ತು, ಹಕ್ಕಿಯೋ ಗಾಳಿಯೋ ತಿಳಿಯುತ್ತಿರಲಿಲ್ಲ. ದೇವರ ಹತ್ತಿರ ಕೇಳಿಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿ ಅಪ್ಪನ ಕಾಲಕ್ಕೇ ಹೋಯಿತು. ದೇವರ ಪಟ ತೆಗೆದು ಅಪ್ಪ ಗೋಡೆಗೆ ಹಾಕಿದ ಬುದ್ಧ ಏನು ಕೇಳಿದರೂ ಕಣ್ಣು ಮುಚ್ಚಿಕೊಂಡೇ ಇರುವವನು. ಹಾಗಾಗಿ ಆ ಹಕ್ಕಿಯನ್ನೇ ಕೇಳಿಕೊಂಡೆ, ಕುಂದ್ರವ್ವಾ, ಕುಂದ್ರು ಎಂದು.

ಬಿಸಿಲು ಸ್ವಲ್ಪ ಏರಿದ ಮೇಲೆ ಕಡ್ಡಿಗಳ ನಡುವೆ ಹುಲ್ಲು ಒಳಗಿನಿಂದ ಅಲುಗಿತು. ಇಟ್ಟಿಗೆ ಬಣ್ಣದ ಕುತ್ತಿಗೆಯೊಂದು ಎದ್ದು, ಸುತ್ತ ನೋಡಿ, ಮತ್ತೆ ಹುಲ್ಲೆಳೆದು ಹೊದ್ದುಕೊಂಡಿತು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಹೆಂಕ್ ಕಾಫಿ ಬಗ್ಗಿಸಿ ಡಬ್ಬಿ ತೆರೆದ. ಒಂದು ಬಿಸ್ಕಿಟು ತೆಗೆದುಕೊಂಡೆ. ಅವನು ಡಬ್ಬಿ ಮುಚ್ಚಿದ, ನನ್ನ ಮುಖ ನೋಡಿದ, ಮತ್ತೆ ತೆರೆದು ಮುಂದೆ ಹಿಡಿದ. ಆ ದೇಶದಲ್ಲಿ ಅದೆಷ್ಟು ದೊಡ್ಡ ಮಾತೆಂದು ಆ ಹೊತ್ತಿಗೆ ನನಗೆ ಗೊತ್ತಿತ್ತು.

ಮನೆಗೆ ಓಡಿದೆ. “ಕುಂತಾಳ,” ಎಂದೆ.

“ಎಷ್ಟು ಉಳಿದಾವ?”

“ಅದು ಗೊತ್ತಿಲ್ಲ. ಕುಂತಾಳ, ಅಷ್ಟ ಗೊತ್ತು.”

ರಾತ್ರಿ ಸುಜಿ ಎರಡನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡಳು.

ಆಮೇಲಿನ ದಿನಗಳಲ್ಲಿ ನಾನು ಹೋಗುವುದು, ಬಂದು “ಕುಂತಾಳ” ಎನ್ನುವುದು, ಇದೇ ನಡೆಯಿತು. ಹುಲ್ಲು ಮೊಳಕಾಲೆತ್ತರ ಬೆಳೆಯಿತು. ಅಕ್ಕಪಕ್ಕದ ಹೊಲಗಳಲ್ಲಿ ಕೊಯ್ಲು ಶುರುವಾಯಿತು. ಒಂದು ಬೆಳಿಗ್ಗೆ ಹೆಂಕ್ ನಾನು ಕೂರುವ ಮೊದಲೇ ಕೈಬೀಸಿ, ಮನೆಯ ಕಡೆ ತೋರಿಸಿ, ಹೊಟ್ಟೆಯ ಮೇಲೆ ಕೈ ಆಡಿಸಿದ. ಸುಜಿಯನ್ನು ಕರೆದುಕೊಂಡು ಬಾ ಎಂದು. ಅವಳು ಬರುವುದಿಲ್ಲ ಎಂದಳು. ಬಿಜು ಒಂದು ಕಡೆ, ನಾನು ಒಂದು ಕಡೆ ಹಿಡಿದು ನಡೆಸಿದೆವು.

ನೀರುಗಾಲುವೆಯ ಅಂಚಿನಲ್ಲಿ ಗ್ರುಟೊ ನಿಂತಿತ್ತು, ಕಾಲ ಬುಡದಲ್ಲಿ ಮರಿಗಳು. ಹುಟ್ಟಿದ ದಿನವೇ ನಡೆಯುವ ಮರಿಗಳು, ಹುಲ್ಲಿಗೆ ಎಡವಿ ಬೀಳುತ್ತವೆ, ಏಳುತ್ತವೆ. ಸುಜಿ ಸೀಳಿಗೆ ಹಣೆ ಒತ್ತಿ ಲೆಕ್ಕ ಹಾಕಿದಳು. ಮತ್ತೆ ಹಾಕಿದಳು. ಮೂರು. ಅಂದರೆ ಕಾಗೆ ಒಯ್ದದ್ದು ಒಂದು.

ಅವಳು ಈ ಕಡೆ ತಿರುಗಿದಾಗ ಕೆನ್ನೆಯೆಲ್ಲ ಒದ್ದೆ.

“ಒಂದು ಹೋದ ಮ್ಯಾಲೂ ಬಂದು ಕುಂತಾಳ ಅಕ್ಕಾ,” ಎಂದಳು. “ಹೋಗಿದ್ದು ಅಕಿಗೆ ಗೊತ್ತಿತ್ತು. ಆದ್ರೂ ಕುಂತಾಳ.”

ಹೋದ ವರ್ಷದ ಕೂಸಿನ ಬಗ್ಗೆ ಅವಳು ನನ್ನ ಮುಂದೆ ಬಾಯಿ ಬಿಟ್ಟದ್ದು ಅದೇ ಮೊದಲು. ಅಷ್ಟೇ ಅವಳು ಹೇಳಿದ್ದು. ನನಗೆ ಅದು ಸಾಕಾಯಿತು, ಅವಳಿಗೂ ಸಾಕಾಯಿತೆಂದು ಕಾಣುತ್ತದೆ. ಬಿಜು ಗುಡಿಸಲಿನ ಮೂಲೆಯಲ್ಲಿ ನಿಂತು ಮೂಗು ಒರೆಸಿಕೊಂಡು, “ಇವತ್ತು ಯಾರ ಶಿಫ್ಟು, ಗಂಡಿಂದಾ ಹೆಣ್ಣಿಂದಾ?” ಎಂದು ಕೇಳಿದ. ತನ್ನ ಕನ್ನಡದಲ್ಲಿ, ಮಲಯಾಳದ ಎಳೆತದಲ್ಲಿ. ಸುಜಿ ನಕ್ಕಳು.

ಮಹಡಿಯ ಕಿಟಕಿ

ಜೂನ್ ತಿಂಗಳ ಒಂದು ಬೆಳಗಿನ ಜಾವ ಸುಜಿಗೆ ನೋವು ಶುರುವಾಯಿತು. ಆ ದೇಶದಲ್ಲಿ ಆ ತಿಂಗಳು ಸೂರ್ಯ ನಮ್ಮ ಮೊದಲ ಬಸ್ಸಿಗಿಂತ ಮುಂಚೆಯೇ ಡ್ಯೂಟಿಗೆ ಹಾಜರು. ಆಸ್ಪತ್ರೆಯ ಕೋಣೆ ಎರಡನೆಯ ಮಹಡಿಯಲ್ಲಿ. ಕಿಟಕಿಯ ಕೆಳಗೆ ಕಾಲುವೆ, ದಂಡೆಯ ಮೇಲೆ ಬಾತುಗಳು ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಸಿಕ್ಕಿಸಿಕೊಂಡು ಮಲಗಿದ್ದವು. ಸೆಕೆಯೆಂದು ಕಿಟಕಿ ತೆರೆದಿಟ್ಟಿದ್ದರು.

ನಮ್ಮಲ್ಲಿ ಹೆರಿಗೆ ಕೋಣೆಯೆಂದರೆ ಒಳಗೆ ಒಂದು ಹೆಂಗಸು ಚೀರಿದರೆ ಹೊರಗೆ ನಾಲ್ಕು ಹೆಂಗಸರು ಮಾತಾಡುತ್ತಿರುತ್ತಾರೆ. ಅಲ್ಲಿ ಎತ್ತರದ ಸೂಲಗಿತ್ತಿಯೊಬ್ಬಳು ಗಡಿಯಾರ ನೋಡುತ್ತ, ಮೆಲ್ಲಗೆ ಏನೋ ಹೇಳುತ್ತ ಓಡಾಡುತ್ತಿದ್ದಳು. ಸುಜಿಯೂ ಅಲ್ಲಿಯವಳೇ ಆಗಿಬಿಟ್ಟಿದ್ದಳು. ತುಟಿ ಕಚ್ಚಿಕೊಂಡು, ಹೇಳಿದಂತೆ ಉಸಿರು ಎಳೆದು, ಬಿಟ್ಟು, ಒಂದು ಸದ್ದಿಲ್ಲ. ಬಿಜು ಅವಳ ಬಲಗೈ ಹಿಡಿದಿದ್ದ, ನಾನು ಎಡಗೈ. ಕೂಗು ಸುಜಿ, ಕೂಗಿದರೆ ಹಗುರಾಗುತ್ತದೆ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ನನ್ನ ಕೂಗಿನ ಫಲ ಒಮ್ಮೆ ಕಂಡಾಗಿತ್ತು.

ಹೊತ್ತು ಏರಿತು. ಸೂಲಗಿತ್ತಿಯ ದನಿ ಬದಲಾಯಿತು. ಸುಜಿ ನನ್ನ ಮುಂಗೈಯನ್ನು ಅವತ್ತು ಹಿಡಿದಂತೆ ಹಿಡಿದಳು, ಉಗುರು ನಾಟುವಂತೆ. ತಲೆ ಹಿಂದಕ್ಕೆ ಹೋಯಿತು. ಅವಳ ಬಾಯಿಂದ ಬಂದದ್ದು ಅಯ್ಯೋ ಅಲ್ಲ, ಅವ್ವಾ ಅಲ್ಲ.

“ಹೋಯ್ ಹೋ... ಹಾರ್ ಹೋ...”

ಕೆಳಗೆ ಶುರುವಾಗಿ ಆಕಾಶಕ್ಕೆ. ಅವ್ವ ಎಲ್ಲಿ ಉಸಿರು ನಿಲ್ಲಿಸುತ್ತಿದ್ದಳೋ ಅಲ್ಲೇ ನಿಲ್ಲಿಸಿ, ಎಲ್ಲಿ ಎಳೆಯುತ್ತಿದ್ದಳೋ ಅಲ್ಲೇ ಎಳೆದು. ಏನೂ ನೆನಪಿಲ್ಲ ಎಂದವಳು. ಜೋಳಿಗೆಯಲ್ಲಿ ಮಲಗಿ ಕಣ್ಣು ಮುಚ್ಚಿಕೊಂಡೇ ಅದನ್ನೆಲ್ಲ ಕುಡಿದಿದ್ದಳು. ಸೂಲಗಿತ್ತಿ ಗಾಬರಿಯಿಂದ ನನ್ನ ಮುಖ ನೋಡಿದಳು, ಏನು ಹೇಳುತ್ತಿದ್ದಾಳೆ ಎಂದು. ಯಾವ ಭಾಷೆಯಲ್ಲಿ ಹೇಳಲಿ. ಮುಂದಿನ ನೋವು ಬಂದಾಗ ನಾನೂ ಅವಳ ಜೊತೆ ಕೂಗಿದೆ. ಅಷ್ಟು ದಿನ ನುಂಗಿದ್ದೆಲ್ಲ ಹೊರಗೆ ಬಂತು. ಸಂತೆಕಲ್ಲೂರಿನ ಅಟ್ಟದ ಮೇಲೆ ಅವ್ವ, ಸುಜಿ, ನಾನು ಮೂವರೂ ನಿಂತಿದ್ದೆವು. ಬಿಜುವಿಗೆ ಏನೆಂದು ತಿಳಿಯದಿದ್ದರೂ ಮೂರನೆಯ ಸಲಕ್ಕೆ ಅವನೂ ಸೇರಿಕೊಂಡ.

ಹೆಣ್ಣು ಕೂಸು. ಬಂದ ಕೂಡಲೇ ಅಳಲಿಲ್ಲ. ಸೂಲಗಿತ್ತಿ ಅದರ ಬೆನ್ನು ತಿಕ್ಕಿದಳು. ಆಮೇಲೆ ಶುರು ಮಾಡಿತು ನೋಡಿ, ಲಿಂಗಸುಗೂರಿನವರೆಗೆ ಕೇಳಿಸುವಂತೆ. ಗಂಟಲು ನಮ್ಮ ಮನೆತನದ್ದೇ.

ಆ ದೇಶದಲ್ಲಿ ಕೂಸು ಹುಟ್ಟಿದ ಮನೆಯವರು ಬಂದವರಿಗೆಲ್ಲ ದುಂಡನೆಯ ರಸ್ಕಿನ ಮೇಲೆ ಬೆಣ್ಣೆ ಹಚ್ಚಿ, ಸಕ್ಕರೆ ಸವರಿದ ಸೋಂಪಿನ ಕಾಳು ಉದುರಿಸಿ ಕೊಡುತ್ತಾರೆ. ಸೋಂಪು ತಿಂದರೆ ಬಾಣಂತಿಗೆ ಹಾಲು ಇಳಿಯುತ್ತದೆ ಎಂದು ಅವರ ಮುತ್ತಜ್ಜಿಯರೂ ನಂಬಿದ್ದರಂತೆ. ನರ್ಸು ತಟ್ಟೆ ತಂದಿಟ್ಟು ಹೋದಳು. ನಾನು ನನ್ನ ಚೀಲದಿಂದ ಅಂಟಿನ ಉಂಡಿಯೊಂದನ್ನು ಅದರ ಪಕ್ಕ ಇಟ್ಟೆ. ಸುಜಿ ಎರಡನ್ನೂ ನೋಡಲಿಲ್ಲ. ಕೂಸನ್ನು ಎದೆಗೆ ಹಾಕಿಕೊಂಡು, ನನ್ನ ಹಳೆಯ ಸೀರೆಯ ತುಂಡನ್ನು ಅದರ ಬೆನ್ನ ಮೇಲೆ ಎಳೆದು ಹೊದಿಸಿ, ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿದೆ ಎಂದುಕೊಂಡು ಎದ್ದು ಕಿಟಕಿಯ ಹತ್ತಿರ ಹೋದೆ.

“ಅಕ್ಕಾ,” ಎಂದಳು, ಕಣ್ಣು ತೆರೆಯದೆ. “ಹಕ್ಕಿ ಎದ್ದುವೇನು?”

ಕೆಳಗೆ ನೋಡಿದೆ.

“ಇಲ್ಲವ್ವಾ,” ಎಂದೆ. “ಎಲ್ಲಾ ಕುಂತಾವ.”